ಕಡಲ್ಗಳ್ಳರ ಸೂಜಿ

"ಏನ್ ಅಗಿಯಾಕತ್ತೀರಿ ಇಲ್ಲಿ?"

"ನಿಧಿ ರೀ. ನಾವು ಕಳ್ಳರು."

ಹಂಪಿಯ ಮಂಟಪವೊಂದರ ಬುಡದಲ್ಲಿ ಹೀಗೆ ನೆಟ್ಟಗೆ ಒಪ್ಪಿಕೊಂಡವಳು ನಾನು ಪಾಠ ಹೇಳುವ ನಾಲ್ಕನೇ ಕ್ಲಾಸಿನ ಉಚ್ಚೆಂಗಮ್ಮ. ಒಂದು ಕಣ್ಣಿಗೆ ಕಪ್ಪು ಅರಿವೆ, ಹೆಗಲ ಮೇಲೆ ಕಬ್ಬಿಣದ ಹಾರೆ. ಕೇಳಿದವರು ಹಳೆಯ ಗುಡಿಗಳನ್ನು ನೋಡಿಕೊಳ್ಳಲು ಹೊಸದಾಗಿ ಬಂದಿದ್ದ ಓವರ್ಸಿಯರ್ ಗವಿಸಿದ್ದಪ್ಪನವರು. ನಿಧಿಯ ಆಸೆಗೆ ಮಂಟಪ ಅಗೆಯುವವರನ್ನು ಹಿಡಿಯುವುದು ಅವರ ಕೆಲಸ.

ಹುಡುಗಿಯರು ಎಷ್ಟು ಹೊತ್ತಾದರೂ ಬರಲಿಲ್ಲವೆಂದು ನದಿಯ ದಂಡೆಯಿಂದ ಓಡಿಬಂದ ನಾನು ಓವರ್ಸಿಯರರ ಮುಖ ನೋಡಿ ನಿಂತುಬಿಟ್ಟೆ. ಹೊಸ ಗುಂಡಿ ಕಂಡರೆ ಮೇಲಿನವರಿಗೆ ತಿಳಿಸಲೇಬೇಕು, ಇವರನ್ನು ಕಳಿಸಿದವರು ಯಾರು ಎಂದು ಗದರುತ್ತಿದ್ದರು.

ಕಂಪ್ಲಿಯಿಂದ ಹೊಸಪೇಟೆಯ ಸ್ಕೂಲಿಗೆ ಟೀಚರಾಗಿ ಕಳಿಸುವಾಗಲೇ ಅಪ್ಪ ಹೇಳಿದ್ದರು, ಒಂದು ದೂರು ಬಂದರೂ ಕೆಲಸ ಬಿಡಿಸಿ ಅಕ್ಕಿ ಗಿರಣಿಯವರ ಮನೆಗೆ ಮದುವೆ ಮಾಡಿಕೊಡುತ್ತೇನೆಂದು. ಅಪರಿಚಿತರೆದುರು ನನಗೆ ಮಾತೇ ಹೊರಡುವುದಿಲ್ಲ. ಮದರಾಸಿನಲ್ಲಿ ಬಿ.ಎ. ಮುಗಿಸಿದರೂ ಅದೊಂದನ್ನು ಕಲಿಯಲಿಲ್ಲ. ಆದರೆ ಉಚ್ಚೆಂಗಮ್ಮನ ಗದ್ದ ನಡುಗುತ್ತಿತ್ತು.

"ಕಳ್ಳರ ನಾಯಕಿ ನಾನಽ ರೀ," ಎಂದೆ.

ಅವರು ತಿರುಗಿ ನೋಡಿದರು. ಹುಬ್ಬು ಗಂಟಾಗಿಯೇ ಇತ್ತು, ಮೀಸೆಯ ಅಂಚು ಮಾತ್ರ ಅಲ್ಲಾಡಿತು. ನಗು ತಡೆಯುವವರು ಹಾಗೆ ಮಾಡುತ್ತಾರೆ ಎಂದು ಆಮೇಲೆ ತಿಳಿಯಿತು.

ತೊದಲುತ್ತ ಎಲ್ಲ ಹೇಳಿದೆ. ಕಡಲನ್ನೇ ಕಾಣದ ಮಕ್ಕಳಿಗೆ ಭೂಗೋಳ ಬಾಯಿಪಾಠ ಮಾಡಿಸಿ ಸಾಕಾಗಿತ್ತು. ಅದಕ್ಕೇ ಶನಿವಾರ ಕಡಲ್ಗಳ್ಳರ ಆಟ. ಹರಿಗೋಲು ಹಡಗು, ನದಿಯ ದಂಡೆ ದ್ವೀಪ. ಮರಳಲ್ಲಿ ಬಿಸ್ಕತ್ ಡಬ್ಬಿ ಹೂತು, ನಕ್ಷೆ ಕೊಟ್ಟು ದಿಕ್ಕು ಹುಡುಕಲು ಬಿಟ್ಟಿದ್ದೆ. ಹಿತ್ತಾಳೆ ಬಟ್ಟಲಿನ ನೀರಿನಲ್ಲಿ ಒಂದು ಎಲೆ, ಎಲೆಯ ಮೇಲೆ ಸೂಜಿಗಲ್ಲಿಗೆ ಉಜ್ಜಿದ ಹೊಲಿಗೆ ಸೂಜಿ. ಉತ್ತರ ತೋರಿಸಬೇಕಿದ್ದ ಸೂಜಿ ಉಚ್ಚೆಂಗಮ್ಮನ ಹಾರೆಯ ಹಿಂದೆ ತಿರುಗಿ, ಎಲ್ಲರನ್ನೂ ಮಂಟಪಕ್ಕೆ ತಂದು ನಿಲ್ಲಿಸಿತ್ತು.

ಅವರು ನಂಬಲಿಲ್ಲ. ಹಾರೆಯನ್ನು ತಾವೇ ಹಿಡಿದು ಬಟ್ಟಲಿನ ಸುತ್ತ ಮೆಲ್ಲಗೆ ನಡೆದರು. ಸೂಜಿಯೂ ಹಿಂದೆಯೇ ಸುತ್ತಿತು. ಇನ್ನೊಂದು ಸುತ್ತು ಹಾಕಿದರು. ಆ ಸುತ್ತು ಪರೀಕ್ಷೆಗಲ್ಲ, ಖುಷಿಗೆ.

ಗುಂಡಿ ಮುಚ್ಚಿರಿ, ಡಬ್ಬಿ ಸಿಕ್ಕರೆ ನಂಬುತ್ತೇನೆ ಎಂದು ಹಾರೆ ಅಲ್ಲೇ ಬಿಡಿಸಿ ನಮ್ಮ ಜೊತೆ ಹೊರಟರು. ಆದರೂ ಸೂಜಿ ನೆಟ್ಟಗಾಗಲಿಲ್ಲ. ಅವರು ಎಡಕ್ಕೆ ಬಂದರೆ ಎಡಕ್ಕೆ, ಬಲಕ್ಕೆ ಬಂದರೆ ಬಲಕ್ಕೆ. ನೋಡಿದರೆ ಅವರ ಸೊಂಟದಲ್ಲಿ ಗುಡಿಗಳ ಕಬ್ಬಿಣದ ಕೀಲಿಕೈ ಗೊಂಚಲು.

"ಸಾಹೇಬ್ರ, ನೀವು ನಮ್ಮ ಅಕ್ಕೋರ ಬಾಜೂಕ ಬರಬ್ಯಾಡ್ರಿ. ಸೂಜಿ ಕೆಡತೈತಿ," ಎಂದಳು ಉಚ್ಚೆಂಗಮ್ಮ.

ಅವರು ಪಾಪದವರಂತೆ ದೂರ ಸರಿದರು. ಸರಿಯುವಾಗ ನನ್ನತ್ತ ಒಮ್ಮೆ ನೋಡಿದರು. ನಾನು ನೀರನ್ನೇ ನೋಡುತ್ತಿದ್ದೆ. ನೀರಿನಲ್ಲೂ ಅವರೇ ಇದ್ದರು.

ಡಬ್ಬಿ ಸಿಕ್ಕಿತು. ಒಳಗಿದ್ದ ಶೇಂಗಾ ಚಿಕ್ಕಿಯಲ್ಲಿ ಒಂದು ತುಂಡು ಓವರ್ಸಿಯರಿಗೂ ಹೋಯಿತು. ದೂರು ಹೋಗಲಿಲ್ಲ.

ಆಮೇಲಿನ ಶನಿವಾರಗಳಲ್ಲಿ ಮಕ್ಕಳಿಗೆ ಹಗ್ಗ ಹಿಡಿದು ದೂರ ಅಳೆಯಲು ಕಲಿಸುವ ನೆಪದಲ್ಲಿ ಅವರು ದಂಡೆಗೆ ಬರತೊಡಗಿದರು. ನಾನು ಕಡಲಿನ ಬಗ್ಗೆ ಹೇಳುವಾಗ ಹುಡುಗಿಯರ ಹಿಂದೆ ಕೂತು ಕೇಳುತ್ತಿದ್ದರು. ಅವರು ಬಾರದ ಒಂದು ಶನಿವಾರ ನನ್ನ ಕಡಲು ಬೇಗ ಮುಗಿದುಹೋಯಿತು. ಅವತ್ತಿನ ಡೈರಿಯಲ್ಲಿ ತಾರೀಖು ಬಿಟ್ಟು ಏನೂ ಬರೆಯಲಾಗಲಿಲ್ಲ.

ಮುಂದಿನ ವಾರ ಬಂದವರೇ ಸೊಂಟದ ಗೊಂಚಲು ಬಿಚ್ಚಿ ಉಚ್ಚೆಂಗಮ್ಮನಿಗೆ ಕೊಟ್ಟು, ದೂರದ ಬಂಡೆಯ ಮೇಲೆ ಕೂತು ಕಾಯಲು ಹೇಳಿದರು. ನಾನು ಬಟ್ಟಲು ಹಿಡಿದು ನಿಂತಿದ್ದೆ.

"ಈಗ ಸೂಜಿ ಕೆಡಂಗಿಲ್ಲ," ಎಂದು ಹತ್ತಿರ ಬಂದರು. "ಸಂಗಮ್ಮನೋರ, ಕಂಪ್ಲಿಗೆ ಹೋಗಿ ನಿಮ್ಮ ಅಪ್ಪಾರನ್ನ ಕೇಳಬೇಕಂತ ಮಾಡೀನಿ. ಮೊದಲು ನಿಮ್ಮನ್ನ ಕೇಳಬೇಕಲ್ಲ."

ಅಲ್ಲಿಯವರೆಗೆ ನಾನು ಅವರಿಗೆ ಬರೀ ಅಕ್ಕೋರು. ಅವರ ಬಾಯಲ್ಲಿ ನನ್ನ ಹೆಸರು ಕೇಳಿದ್ದೇ ಎಲೆ ಬಟ್ಟಲಿನ ಅಂಚಿಗೆ ಬಡಿಯಿತು, ಸೂಜಿ ಎತ್ತೆತ್ತಲೋ ತಿರುಗಿತು.

"ಇವತ್ತು ಕಬ್ಬಿಣ ಇಲ್ಲ. ಆದ್ರೂ ಯಾಕ ನಿಲ್ಲವಲ್ದು?"

"ಸೂಜಿದು ತಪ್ಪಲ್ಲ ರೀ. ನನ್ನ ಕೈ ನಡಗಾಕತ್ತೈತಿ."

ಅವರು ಬಟ್ಟಲಿನ ಕೆಳಗೆ ತಮ್ಮ ಅಂಗೈ ಒಡ್ಡಿದರು. ನೀರು ಮೆಲ್ಲಗೆ ನಿಂತಿತು. ಸೂಜಿ ಉತ್ತರಕ್ಕೆ ತಿರುಗಿತು. ನಾನು ಮೊದಲ ಸಲ ಅವರ ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ.

"ಕೇಳಾಕ ಬರ್ರಿ," ಎಂದೆ. "ಆದ್ರ ಶನಿವಾರ ಬ್ಯಾಡ. ಮದುವಿ ಆದಮ್ಯಾಲೂ ಶನಿವಾರ ನಾ ಕಳ್ಳರ ನಾಯಕಿ."