ಸಂಜೆ ಬರುವವನ ಕೊನೆಯ ಪುಟ

"ಸತ್ತವರು ಬಂದು ಚಿತ್ರ ಬರೀತಾರಾ ಅಮ್ಮಾ?" ಎಂದು ವಾರಪತ್ರಿಕೆಯ ಸಂಪಾದಕರು ಕೇಳಿದಾಗ ದೊಡ್ಡಮ್ಮ ಬಟಾಣಿ ಸುಲಿಯುತ್ತಿದ್ದರು.

"ಬದುಕಿದ್ದಾಗಲೇ ಹೊತ್ತಿಗೆ ಸರಿಯಾಗಿ ಕೊಡದವರು ಸತ್ತ ಮೇಲೆ ಕೊಡ್ತಾರಾ? ಕೂತ್ಕೊಳ್ಳಿ."

ದೊಡ್ಡಮ್ಮ ನ್ಯಾಯಾಲಯಗಳಿಗೆ ಕಳ್ಳಸಹಿ ಪತ್ತೆಹಚ್ಚಿ ಕೊಡುತ್ತಿದ್ದವರು. ನಿವೃತ್ತರಾದರೂ ಜನ ಬಿಡಲಿಲ್ಲ. ದೊಡ್ಡಪ್ಪ ತೀರಿಕೊಂಡ ಮೇಲೆ ನಾನು ಅವರ ಜೊತೆಗಿದ್ದೆ. ಅವರ ಪ್ರಕಾರ ಅವರ ತಲೆ ತಿನ್ನಲು. ಕಳ್ಳರಿಗೆಲ್ಲ ಸಿಂಹಸ್ವಪ್ನವಾಗಿದ್ದ ಈ ಹೆಂಗಸು ಯಾರೇ ಹೊರಗೆ ಹೋದರೂ ಕೂಡಲೇ ಚಿಲಕ ಹಾಕಿ, ಎಳೆದೆಳೆದು ನೋಡುತ್ತಿದ್ದರು. ಅದು ನನಗೆ ನಗುವಿನ ವಿಷಯವಾಗಿತ್ತು.

ಸಂಪಾದಕರ ಗೋಳು ಹೀಗಿತ್ತು. ಅವರ ಪತ್ರಿಕೆಯಲ್ಲಿ 'ಸಂಜೆ ಬರುವವನು' ಎಂಬ ಚಿತ್ರಕತೆ ವರ್ಷಗಟ್ಟಲೆ ನಡೆದಿತ್ತು. ಚಿತ್ರಗಾರರು ಆಸ್ಪತ್ರೆಯ ಮಂಚದ ಮೇಲೆ ಕೊನೆಯ ಪುಟ ಬರೆದು ಮುಗಿಸಿ, ಅದರ ಮಾತು ಹೇಳುವ ಮೊದಲೇ ಹೋಗಿಬಿಟ್ಟರು. ಆ ಮಾತನ್ನು ಸಂಪಾದಕರು, ಪಾತ್ರಗಳ ಮಾತನ್ನು ಅಕ್ಷರಕ್ಕಿಳಿಸುವ, ಆಫೀಸೆಲ್ಲ 'ಅಕ್ಷರದಕ್ಕ' ಎನ್ನುವ ಹೆಂಗಸಿಗೆ ಬಿಟ್ಟಿದ್ದರು. ಈಗ ನೋಡಿದರೆ ಆ ಪುಟವೇ ಇಲ್ಲ. ಅದರ ಜಾಗದಲ್ಲಿ ಅದೇ ಕೈಯ ಗೆರೆಗಳಿರುವ ಬೇರೊಂದು ಪುಟ!

"ಅವರೇ ಬಂದು ಬದಲಾಯಿಸಿದ್ರು ಅಂತ ಆಫೀಸೆಲ್ಲ ಮಾತು. ನಾನು ನಂಬಲ್ಲ. ಅವರ ಗೆರೆ ಬರೋದು ಅವರ ಶಿಷ್ಯನಿಗೆ ಮಾತ್ರ. ಸಂಜೆ ಪುಟ ಅಚ್ಚಿಗೆ ಹೋಗ್ಬೇಕು, ಅಷ್ಟರಲ್ಲಿ ಅವನು ಬಾಯಿಬಿಡದಿದ್ರೆ ಅವನ ಕೆಲಸ ಹೋಯ್ತು."

ದಾರಿಯಲ್ಲಿ ದೊಡ್ಡಮ್ಮ ನನ್ನನ್ನು ಕೇಳಿದರು: "ನೀನು ವಾರವಾರವೂ ಬಾಯಿಬಿಟ್ಕೊಂಡು ಓದ್ತೀಯಲ್ಲ, ಏನಿದೆಯೋ ಅದರಲ್ಲಿ?"

ಕೊಲೆಯಾದ ಒಬ್ಬ ಪೊಲೀಸ್ ಅಧಿಕಾರಿ. ಅವನು ಹಿಡಿಯಬೇಕಿದ್ದ ಕಳ್ಳಿಯ ಮೇಲೆಯೇ ಅವನಿಗೆ ಪ್ರೀತಿ. ಸತ್ತ ಮೇಲೆ ಪ್ರತಿ ಸಂಜೆ ಅವಳ ಕೋಣೆಗೆ ಬರುತ್ತಾನೆ, ಇಬ್ಬರೂ ಸೇರಿ ಒಂದೊಂದು ಕೊಲೆಯ ಗುಟ್ಟು ಬಿಡಿಸುತ್ತಾರೆ. ನಾನು ಇಷ್ಟು ಹೇಳಿ, "ಕೊಲೆಗಾರ ಎಲ್ಲ ಕತೆಯಲ್ಲೂ ಸಿಕ್ಕಿಬೀಳ್ತಾನೆ ದೊಡ್ಡಮ್ಮ. ಇವನು ಬಂದ ತಕ್ಷಣ 'ಊಟ ಆಯ್ತಾ?' ಅಂತ ಕೇಳ್ತಾನೆ, ಅದಕ್ಕೇ ಓದೋದು," ಎಂದೆ.

ದೊಡ್ಡಮ್ಮ ನಗಲಿಲ್ಲ. ಅದು ನನಗೆ ಆಶ್ಚರ್ಯ.

ಆಫೀಸಿನಲ್ಲಿ ಚಿತ್ರಗಾರರ ಕುರ್ಚಿಯನ್ನು ಯಾರೂ ಸರಿಸಿರಲಿಲ್ಲ. ಅದರ ಪಕ್ಕದಲ್ಲೇ ಅಕ್ಷರದಕ್ಕನ ಮೇಜು. ನಡುವಯಸ್ಸಿನ ಈ ಹೆಂಗಸು ಪಾತ್ರಗಳ ಮಾತನ್ನು ಬೇರೆ ಹಾಳೆಯಲ್ಲಿ ಮುದ್ದಾಗಿ ಬರೆದು, ಗುಳ್ಳೆಯಾಕಾರಕ್ಕೆ ಕತ್ತರಿಸಿ ಚಿತ್ರದ ಮೇಲೆ ಅಂಟಿಸುತ್ತಿದ್ದರು. ಶಿಷ್ಯ ಮೂಲೆಯಲ್ಲಿ ಮುಖ ಊದಿಸಿಕೊಂಡು ನಿಂತಿದ್ದ.

ದೊಡ್ಡಮ್ಮ ಒಂದು ಹಳೆಯ ಪುಟದ ಮಾತಿನ ಗುಳ್ಳೆಯನ್ನು ಉಗುರಿನಿಂದ ಎಬ್ಬಿಸಿದರು. ಕೆಳಗೆ ಪರದೆಯ ನಿರಿಗೆ, ಅರ್ಧ ಹೂಕುಂಡ. ಶಿಷ್ಯನ ಅಭ್ಯಾಸದ ಹಾಳೆಗಳಲ್ಲೂ ಮೂಲೆಮೂಲೆಗೂ ಗೆರೆ. ಆಮೇಲೆ ಹೊಸ ಪುಟ. ಅದರಲ್ಲಿ ಸತ್ತ ಅಧಿಕಾರಿ ಬಾಗಿಲಿನಿಂದ ಹಿಂದಿರುಗಿ ಬಂದು ಕುರ್ಚಿಯಲ್ಲಿ ಕೂತಿದ್ದಾನೆ. ಮಾತು: "ಇನ್ನು ಎಲ್ಲೂ ಹೋಗಲ್ಲ." ಆ ಗುಳ್ಳೆಯ ಕೆಳಗೆ ಬರೀ ಬಿಳಿ ಕಾಗದ. ಒಳ್ಳೆಯ ಕಾಗದ ಎಂದುಕೊಂಡೆ. ನನ್ನ ಬುದ್ಧಿ ಓಡಿದ್ದು ಅಷ್ಟೇ.

"ಎಲ್ಲರನ್ನೂ ಕೂರಿಸಿ," ಎಂದರು ದೊಡ್ಡಮ್ಮ. ಸಂಪಾದಕರು, ಶಿಷ್ಯ, ಅಕ್ಷರದಕ್ಕ ಮೇಜಿನ ಸುತ್ತ ಕೂತರು. ಖಾಲಿ ಕುರ್ಚಿ ಖಾಲಿಯಾಗಿಯೇ ಉಳಿಯಿತು.

"ಶಿಷ್ಯನಿಗೆ ಬೇಕಾದದ್ದು ಕೆಲಸ. ಕತೆ ಮುಂದುವರೀಬೇಕು ಅಂದ್ರೆ ಅವನು ಕೊನೆಯಲ್ಲಿ ಒಂದು ಹೊಸ ಹೆಣ ಬೀಳಿಸ್ತಿದ್ದ. ಈ ಪುಟದಲ್ಲಿ ಹೆಣ ಇಲ್ಲ, ಸುಳಿವಿಲ್ಲ. ಬರೆದವರಿಗೆ ಆ ಸಂಜೆ ಬರುವವನು ಇದ್ರೆ ಸಾಕು, ಇನ್ನೇನೂ ಬೇಡ."

"ಆದ್ರೆ ಗೆರೆ?" ಎಂದರು ಸಂಪಾದಕರು.

"ಗೆರೆ ಎಲ್ಲಿಲ್ಲ ಅಂತ ನೋಡಿ. ಚಿತ್ರಗಾರರು ಪುಟ ತುಂಬಾ ಬರೀತಿದ್ರು. ಗುಳ್ಳೆ ಎಲ್ಲಿ ಕೂರುತ್ತೆ ಅನ್ನೋ ಯೋಚನೆ ಅವರಿಗಿಲ್ಲ. ಶಿಷ್ಯನಿಗೂ ಅದೇ ಅಭ್ಯಾಸ. ಇಲ್ಲಿ ಗುಳ್ಳೆಗೆ ಜಾಗ ಬಿಟ್ಟು ಗೋಡೆ ಬರೆದಿದ್ದಾರೆ. ಮೊದಲು ಮಾತು, ಆಮೇಲೆ ಚಿತ್ರ. ಹಾಗೆ ಯೋಚಿಸೋರು ಈ ಆಫೀಸಿನಲ್ಲಿ ಒಬ್ಬರೇ."

ಅಕ್ಷರದಕ್ಕ ತಲೆ ತಗ್ಗಿಸಿ ತಮ್ಮ ಮೇಜಿನ ಅಡಿಯಿಂದ ಕಳೆದುಹೋದ ಪುಟವನ್ನು ತೆಗೆದರು. ಒಂದು ಮಡಿಕೆಯೂ ಇರಲಿಲ್ಲ.

"ಅವರ ಗೆರೆ ನೋಡಿ ನೋಡಿ ನನ್ನ ಕೈಗೂ ಬಂತು," ಎಂದರು. "ಅಷ್ಟು ವರ್ಷ ಪಕ್ಕದಲ್ಲಿ ಕೂತಿದ್ದಕ್ಕೆ ಅವರು ನನ್ನ ಜೊತೆ ಆಡಿದ್ದು 'ಗುಳ್ಳೆ ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ' ಇಷ್ಟೇ. ಆದ್ರೆ ವಾರವಾರ 'ಊಟ ಆಯ್ತಾ?' ಅಂತ ಬರೀವಾಗ ಯಾರೋ ನನ್ನನ್ನೇ ಕೇಳಿದ ಹಾಗಿರ್ತಿತ್ತು. ಇಡೀ ದಿನಕ್ಕೆ ನನ್ನನ್ನ ಕೇಳೋದು ಅದೊಂದೇ. ಸಂಪಾದಕರು ಕೊನೇ ಮಾತು ನೀನೇ ಬರಿ ಅಂದ್ರು. ಅವನನ್ನ ನಾನೇ ಕಳಿಸಿಕೊಡ್ಬೇಕಾ? ಕೈಯೇ ಏಳಲಿಲ್ಲ." ಆಮೇಲೆ ಶಿಷ್ಯನ ಕಡೆ ತಿರುಗಿ, "ನಿನ್ನ ಮೇಲೆ ಬರುತ್ತೆ ಅಂತ ಹೊಳೀಲಿಲ್ಲಪ್ಪ. ಇವತ್ತು ಹೇಳ್ಬೇಕು ಅಂತಿದ್ದೆ, ಬೆಳಗ್ಗಿಂದ ಬಾಯೇ ಬರ್ಲಿಲ್ಲ," ಎಂದರು.

ಶಿಷ್ಯ ಎದ್ದುಹೋಗಿ ಅವರಿಗೆ ಒಂದು ಲೋಟ ನೀರು ತಂದಿಟ್ಟ. ಸಂಪಾದಕರು ಅವನ ಮುಖ ನೋಡಲಾರದೆ ಕನ್ನಡಕ ಒರೆಸಿದರು.

ನಿಜವಾದ ಪುಟದಲ್ಲಿ ಆ ಅಧಿಕಾರಿ ಹೊರಟವನು ಬಾಗಿಲಲ್ಲಿ ನಿಂತು ತಿರುಗಿ ನೋಡುತ್ತಿದ್ದ. "ಹಾಗಾದ್ರೆ ಇಲ್ಲಿ ಯಾವ ಮಾತು ಹಾಕೋಣ?" ಎಂದರು ಸಂಪಾದಕರು.

"ಖಾಲಿ ಗುಳ್ಳೆ ಅಂಟಿಸಿ," ಎಂದರು ದೊಡ್ಡಮ್ಮ. "ಓದೋರು ಅವರವರ ಮನೇಲಿ ಬರ್ಕೊಳ್ಳಲಿ."

ಅಕ್ಷರದಕ್ಕನೇ ಅದನ್ನು ಕತ್ತರಿಸಿ ಅಂಟಿಸಿದರು.

ಪತ್ರಿಕೆ ಬಂದ ದಿನ ನನಗಿಂತ ಮೊದಲೇ ದೊಡ್ಡಮ್ಮ ಅದನ್ನು ಎತ್ತಿಕೊಂಡಿದ್ದರು. ಅವರು ಸ್ನಾನಕ್ಕೆ ಹೋದಾಗ ಕೊನೆಯ ಪುಟ ತೆರೆದೆ. ಖಾಲಿ ಗುಳ್ಳೆಯಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ ಬರೆದಿತ್ತು: "ಚಿಲಕ ಹಾಕ್ಕೋ. ಎಳೆದು ನೋಡು."

ಅದು ದೊಡ್ಡಪ್ಪನ ಮಾತು. ಕೆಲಸಕ್ಕೆ ಹೊರಟಾಗೆಲ್ಲ ಮೆಟ್ಟಿಲಿಳಿಯುತ್ತಾ ಹೇಳುತ್ತಿದ್ದದ್ದು. ಪತ್ರಿಕೆಯನ್ನು ಇದ್ದಲ್ಲೇ ಇಟ್ಟು, ಬಚ್ಚಲಮನೆಯ ಕಡೆಗೆ ಕೂಗಿ ಹೇಳಿದೆ: "ದೊಡ್ಡಮ್ಮ, ಚಿಲಕ ಹಾಕಿದೀನಿ. ಎಳೆದೂ ನೋಡಿದೀನಿ."