ಗಾಜಿನ ಪೆಟ್ಟಿಗೆಯ ಎಂಟನೇ ಹಲ್ಲು

"ಹಲ್ಲು ಕಳುವಾಗಿದೆ ಅಂದ್ರೆ, ಮೇಲಿನದೋ ಕೆಳಗಿನದೋ ಅಂತ ಕೇಳ್ತಾನಲ್ರೀ ನಿಮ್ಮ ಕಾನ್‌ಸ್ಟೇಬಲ್ಲು!"

ಬೇಥಾನ್ಯ ಕಾಲೇಜಿನ ಪ್ರಾಂಶುಪಾಲ ರೆವರೆಂಡ್ ಜೋಸಾತೆಕಿ ಕೈಚೀಲವನ್ನು ಮೇಜಿನ ಮೇಲೆ ಕುಕ್ಕಿದರು. ನವೆಂಬರ್ 25, ಸೋಮವಾರ, ಬೆಳಿಗ್ಗೆ 8.40. ದ್ವೀಪದೇಶದ ರೇವಾ ನದಿಯ ಸೇತುವೆ ಪಕ್ಕದ ಠಾಣೆಯಲ್ಲಿ ಇನ್ಸ್‌ಪೆಕ್ಟರ್ ವಿಲಿಸೋನಿ ಇನ್ನೂ ಮೊದಲ ಲೋಟ ಚಹಾ ಮುಗಿಸಿರಲಿಲ್ಲ.

"ನಾಯ್ಕರ್, ಬರ್ಕೋ. ನಗೋದು ಆಮೇಲೆ."

"ನಗ್ಲಿಲ್ಲ ಸರ್," ಅಂದ ಕಾನ್‌ಸ್ಟೇಬಲ್ ರೋನೀಲ್ ನಾಯ್ಕರ್, ರೊಟ್ಟಿಯ ಪೊಟ್ಟಣವನ್ನು ಡ್ರಾಯರಿಗೆ ತಳ್ಳುತ್ತ. "ತಂಬುವಾ ಅಂದಿದ್ರೆ ತಕ್ಷಣ ಗೊತ್ತಾಗ್ತಿತ್ತು. ನಾನೂ ಈ ಊರಲ್ಲೇ ಹುಟ್ಟಿದೋನು."

ತಂಬುವಾ ಅಂದರೆ ಹುರಿಹಗ್ಗ ಕಟ್ಟಿದ ತಿಮಿಂಗಿಲದ ಹಲ್ಲು. ಮದುವೆ ಕೇಳಲು, ಸತ್ತವರಿಗೆ ಗೌರವ ಸಲ್ಲಿಸಲು, ಮಾಡಿದ ತಪ್ಪಿಗೆ ಕ್ಷಮೆ ಬೇಡಲು ಅದನ್ನು ತರುತ್ತಾರೆ. ಕೈಚಾಚಿ ತೆಗೆದುಕೊಂಡರೆ ಮಾತು ಮುಗಿಯಿತು. ಆಮೇಲೆ ಅದರ ಬಗ್ಗೆ ಯಾರೂ ಚಕಾರ ಎತ್ತುವ ಹಾಗಿಲ್ಲ.

ಪ್ರಾಂಶುಪಾಲರ ಹೇಳಿಕೆ ಹೀಗಿತ್ತು: ತಮ್ಮ ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿ ಎಂಟು ತಂಬುವಾ ಇದ್ದವು. ಶುಕ್ರವಾರ ಸಂಜೆ ನಾಲ್ಕರ ಪ್ರಾರ್ಥನೆ ಹೊತ್ತಿಗೆ ಎಂಟೂ ಇದ್ದವು. ಇವತ್ತು ಬೆಳಿಗ್ಗೆ ನೋಡಿದರೆ ಏಳು. ಹೋದದ್ದು ಎಲ್ಲಕ್ಕಿಂತ ಈಚೆಗೆ ಬಂದ, ಬಿಳಿಯ ಚಿಕ್ಕ ಹಲ್ಲು.

"ಹೋಗಿರೋದು ಯಾರು ಕೊಟ್ಟದ್ದು?"

"ಒಂದು ಹಳ್ಳಿಯವರು."

"ಯಾಕೆ ಕೊಟ್ಟರು?"

ರೆವರೆಂಡರು ಕನ್ನಡಕ ಒರೆಸಿಕೊಂಡರು. "ಗೌರವಕ್ಕೆ ಅಂತ ಬರ್ಕೊಳ್ಳಿ."

ವಿಲಿಸೋನಿ ಬರೆಸಿದ. ದೂರು ದಾಖಲಾಯಿತು.

10.15ಕ್ಕೆ ಸ್ಥಳ ಮಹಜರು. ಪೆಟ್ಟಿಗೆಯ ಬೀಗ ಒಡೆದಿರಲಿಲ್ಲ. ಬೀಗದ ಕೈ ಮೇಜಿನ ಡ್ರಾಯರಿನಲ್ಲಿ, ಬೈಬಲ್ಲಿನ ಕೆಳಗೆ, ಇಡೀ ಕಾಲೇಜಿಗೇ ಗೊತ್ತಿರುವ ಜಾಗದಲ್ಲಿ ಇತ್ತು. ನಡುವಿನ ಸಾಲಿನಲ್ಲಿ ಅಂಗೈಯಗಲದ ಖಾಲಿ ಜಾಗ. ಅದರ ಪಕ್ಕದಲ್ಲೇ ಕಾಲೇಜಿನ ಬೆಳ್ಳಿಹಬ್ಬಕ್ಕೆ ಬಂದ ಹಳೆಯ ತಂಬುವಾ ಇತ್ತು. ಗೇಣುದ್ದ, ಎಣ್ಣೆ ಉಂಡು ಉಂಡು ಜೇನಿನ ಬಣ್ಣಕ್ಕೆ ತಿರುಗಿದ್ದು.

"ಕಳ್ಳ ಕುರುಡನಿರ್ಬೇಕು ಸರ್," ಅಂದ ನಾಯ್ಕರ್. "ಇಂಥದ್ದನ್ನ ಬಿಟ್ಟು ಬಿಳಿಚಿಕೊಂಡಿರೋ ಮರಿಹಲ್ಲು ಹೊತ್ಕೊಂಡು ಹೋಗೋದಾ?"

"ಅವನಿಗೆ ಅದೇ ಬೇಕಿತ್ತು. ಕಾಣಿಕೆ ಪುಸ್ತಕ ತರಿಸು. ಶನಿವಾರ, ಭಾನುವಾರ ಈ ಕೋಣೆಗೆ ಯಾರು ಬಂದಿದ್ರು ಅದನ್ನೂ ನೋಡು."

ಕಾಣಿಕೆ ಪುಸ್ತಕದಲ್ಲಿ ಕೊನೆಯ ಸಾಲು: ಜೂನ್ 15, ವೈಸೋಮೋ ಹಳ್ಳಿ, ಒಂದು ತಂಬುವಾ. ಕಾರಣದ ಕಲಂ ಖಾಲಿ. ಗೋಡೆಯ ಮೇಲಿನ ಸರದಿ ಪಟ್ಟಿಯಲ್ಲಿ ಶನಿವಾರ ದೂಳು ಒರೆಸುವವರು: ವಸೀತಿ ರಾಲುಲು, ಸಮಾಜಕಾರ್ಯ ಸ್ನಾತಕೋತ್ತರ ತರಗತಿ, ಎರಡನೇ ವರ್ಷ.

ಆಕೆ ಗ್ರಂಥಾಲಯದ ಕಿಟಕಿಯ ಬಳಿ ಪ್ರಬಂಧದ ಕೊನೆಯ ಪುಟಗಳನ್ನು ತಿದ್ದುತ್ತಿದ್ದಳು. ಇಪ್ಪತ್ತಾರರ ವಯಸ್ಸು. ವಿಲಿಸೋನಿ ಎಡಗಡೆಯಿಂದ ಎರಡು ಸಲ ಹೆಸರು ಕೂಗಿದರೂ ತಲೆ ಎತ್ತಲಿಲ್ಲ. ಎದುರಿಗೆ ಬಂದು ನಿಂತಾಗ ಎದ್ದು, ಮುಖವನ್ನು ಸ್ವಲ್ಪ ತಿರುಗಿಸಿ ಬಲಗಿವಿ ಕೊಟ್ಟಳು.

"ಶನಿವಾರ ಪೆಟ್ಟಿಗೆ ಒರೆಸಿದ್ದು ನೀನೇನಮ್ಮ?"

"ಹೌದು ಸರ್."

"ಎಷ್ಟಿದ್ವು?"

"ಒರೆಸೋವಾಗ ಎಂಟು."

"ಕಿವಿಗೇನಾಯ್ತು?"

"ತಮಟೆ ಒಡೆದಿದೆ. ಫೀಲ್ಡ್‌ವರ್ಕಲ್ಲಿ."

"ಯಾವ ಊರಲ್ಲಿ?"

"ವೈಸೋಮೋ." ಅಷ್ಟು ಹೇಳಿ ಪೆನ್ನಿನ ಮುಚ್ಚಳ ಹಾಕಿದಳು. ಇನ್ನೂ ಕೇಳುತ್ತಾರೆ ಅಂತ ಕಾಯುವವಳ ಹಾಗೆ ನಿಂತಿದ್ದಳು. ವಿಲಿಸೋನಿ ಕೇಳಲಿಲ್ಲ. ಮೊದಲು ಮಾಲು ಸಿಗಬೇಕು.

ನವೆಂಬರ್ 26, ಬೆಳಿಗ್ಗೆ 9.30ಕ್ಕೆ ಪೊಲೀಸ್ ಜೀಪು ಗುಡ್ಡದ ದಾರಿ ಹತ್ತಿ ವೈಸೋಮೋ ತಲುಪಿತು. ಪೊಲೀಸರಾದರೂ ಬರಿಗೈಯಲ್ಲಿ ಹಳ್ಳಿಗೆ ಕಾಲಿಡುವ ಹಾಗಿಲ್ಲ. ನಾಯ್ಕರ್ ಕಂಕುಳಲ್ಲಿ ಕಾಣಿಕೆಗೆಂದು, ಕುಟ್ಟಿ ನೀರಲ್ಲಿ ಕದಡಿ ಕುಡಿಯುವ ಯಾಂಗೋನಾ ಬೇರಿನ ಕಟ್ಟು ಇತ್ತು. ಮುಖಂಡರ ಪರವಾಗಿ ಮಾತಾಡುವ ಮುದುಕ ಸೊಲೊಮೋನೆ ಬಾಗಿಲಲ್ಲೇ ಕೂತಿದ್ದ. ಇವನ ಊರಿಗೂ ವಿಲಿಸೋನಿಯ ದ್ವೀಪಕ್ಕೂ ತಲೆತಲಾಂತರದ ಕೀಟಲೆಯ ನಂಟು.

"ಏನಪ್ಪಾ ಮೀನುನುಂಗ, ನೆಲದ ಮೇಲೆ ನಡೆಯೋಕೆ ಕಲ್ತುಬಿಟ್ಟೆಯಾ?"

"ಗುಡ್ಡದ ಹಂದಿಗಳು ಹೇಗಿವೆ ಅಂತ ನೋಡ್ಕೊಂಡು ಹೋಗೋಣ ಅಂತ ಬಂದೆ, ಅಜ್ಜ."

ಮುದುಕ ನಗಲಿಲ್ಲ. ಅಲ್ಲಿಗೆ ವಿಲಿಸೋನಿಗೆ ಗೊತ್ತಾಯಿತು.

"ತಂಬುವಾ ಇಲ್ಲಿದೆಯಾ?"

"ಇದೆ."

"ಎಲ್ಲಿ?"

"ಅವಳು ಇಟ್ಟ ಕಡೆ."

ಮುಖಂಡರ ಮನೆಯೊಳಗೆ, ಚಾಪೆಯ ಕೆಳತುದಿಯಲ್ಲಿ, ಹೆಂಗಸರು ಕೂರುವ ಜಾಗದಲ್ಲಿ ಅದು ಬಿದ್ದಿತ್ತು. ಶನಿವಾರದಿಂದ ಆ ಚಾಪೆ ಗುಡಿಸಿರಲಿಲ್ಲ. ಊಟವನ್ನು ಪಕ್ಕದ ಮನೆಯಲ್ಲಿ ಮಾಡುತ್ತಿದ್ದರು. ಒಬ್ಬ ಹೆಂಗಸು ಬಾಗಿಲ ಬಳಿ ಕೂತು ಕೋಳಿಗಳನ್ನು ಅಟ್ಟುತ್ತಿದ್ದಳು, ಅದೇ ಅವಳ ಕೆಲಸವಾಗಿತ್ತು.

"ಎತ್ತಿಡ್ಬಾರ್ದಿತ್ತಾ?"

"ಎತ್ತಿದ್ರೆ ತಗೊಂಡ ಹಾಗಾಯ್ತು. ಎಸೆದ್ರೆ ಅವಮಾನ," ಅಂದ ಸೊಲೊಮೋನೆ. "ಕೊಟ್ಟದ್ದು ವಾಪಸ್ ಬಂದದ್ದನ್ನ ನಾನು ನೋಡ್ಲಿಲ್ಲ, ನಮ್ಮಪ್ಪ ನೋಡ್ಲಿಲ್ಲ. ಅದೂ ಒಬ್ಬಳು ಹೆಣ್ಣುಮಗಳು, ಬೆಳಿಗ್ಗೆ ಹನ್ನೊಂದು ಗಂಟೆಗೆ, ಮರಗೆಣಸಿನ ಲಾರೀಲಿ ಬಂದು!"

"ಏನಂದಳು?"

"'ಇದನ್ನ ನನಗೋಸ್ಕರ ತಂದಿದ್ರಿ. ನನ್ನ ಕೇಳದೆ ಬೇರೆಯವರು ತಗೊಂಡ್ರು. ವಾಪಸ್ ತಂದಿದೀನಿ.' ಅಷ್ಟೇ. ನೀರೂ ಕುಡೀಲಿಲ್ಲ."

"ಜೂನಲ್ಲಿ ಇದನ್ನ ಯಾಕೆ ಕೊಟ್ರಿ?"

ಮುದುಕ ಹೊರಗೆ ನೋಡಿದ. ಅಂಗಳದಾಚೆ, ಊರಿನ ಆಡಳಿತ ನೋಡಿಕೊಳ್ಳುವ ತೋಮಾಸಿ ಜೀಪನ್ನು ಕಂಡು ಮನೆಯೊಳಕ್ಕೆ ಸರಿಯುತ್ತಿದ್ದ. "ಅವನು ಹೆಂಡ್ತಿಗೆ ಹೊಡೀತಾನೆ. ಹುಡುಗಿ ಅದನ್ನ ಬರ್ಕೊಂಡಳು. ಬರೀಬೇಡ ಅಂದ. ಅದು ನನ್ನ ಕೆಲಸ ಅಂದಳು. ಕಪಾಳಕ್ಕೆ ಬಾರಿಸಿದ. ತಪ್ಪು ಅಂತ ನಮಗೂ ಗೊತ್ತು ಕಣಪ್ಪ, ಅದಕ್ಕೇ ಮಾರನೇ ದಿನವೇ ತಂಬುವಾ ಹಿಡ್ಕೊಂಡು ಓಡಿದ್ವಿ. ಅವಳಪ್ಪ ಇಲ್ಲ, ಸೋದರಮಾವಂದಿರು ದೂರದ ದ್ವೀಪದಲ್ಲಿ. ಕಾಲೇಜೇ ತಾಯಿತಂದೆ ಅಂತ ರೆವರೆಂಡ್ರು ಕೈಚಾಚಿದ್ರು."

ಮಾಲನ್ನು ವಶಪಡಿಸಿಕೊಳ್ಳಬೇಕಿತ್ತು. ನಾಯ್ಕರ್ ಕೈಗವಸು ಹಾಕಿಕೊಂಡು ನಿಂತವನು ಮುಂದೆ ಹೋಗಲಿಲ್ಲ. "ಸರ್, ಇದನ್ನ... ನೀವೇ."

ವಿಲಿಸೋನಿ ಸೊಂಟಕ್ಕೆ ಸುತ್ತಿದ್ದ ಸುಲು ಸರಿಪಡಿಸಿಕೊಂಡು ಮಂಡಿಯೂರಿ ಕೂತ. ಅಂಗೈ ಬೊಗಸೆ ಮಾಡಿ ಮೂರು ಸಲ ಚಪ್ಪಾಳೆ ತಟ್ಟಿ, "ನಾನಿದನ್ನ ಯಾರ ಪರವಾಗೂ ಸ್ವೀಕರಿಸ್ತಾ ಇಲ್ಲ, ಸಾಕ್ಷಿಯಾಗಿ ಒಯ್ತಾ ಇದೀನಿ," ಅಂತ ಗಟ್ಟಿಯಾಗಿ ಹೇಳಿದ. ಸಮಯ 10.50. ಮಹಜರಿಗೆ ಸೊಲೊಮೋನೆ ಹೆಬ್ಬೆಟ್ಟು ಒತ್ತಿದ.

ಮಧ್ಯಾಹ್ನ 1.20ಕ್ಕೆ ವಸೀತಿಯನ್ನು ಬಂಧಿಸಲಾಯಿತು. ಅವಳ ಚೀಲ ಸಿದ್ಧವಾಗಿತ್ತು.

"ನಿನ್ನೆ ಯಾಕೆ ಹೇಳ್ಲಿಲ್ಲ?" ಠಾಣೆಯಲ್ಲಿ ವಿಲಿಸೋನಿ ಕೇಳಿದ.

"ನೀವು ಕೇಳಿದ್ದಕ್ಕೆಲ್ಲ ಹೇಳಿದೆ ಸರ್. ಆದ್ರೆ ನೀವು ಆ ಊರಿಗೆ ಹೋಗ್ಬೇಕಿತ್ತು. ಕಿವಿ ಒಡೆದಾಗ ಯಾರೂ ಹೋಗಿರ್ಲಿಲ್ಲ. ಹಲ್ಲು ಹೋದ್ರೆ ಇನ್ಸ್‌ಪೆಕ್ಟರೇ ಹೋದ್ರು."

"ಓದಿದೋಳು ನೀನು. ಠಾಣೆಗೆ ಬಂದು ದೂರು ಕೊಡಬಹುದಿತ್ತು."

"ಕೊಟ್ಟೆ. ಜೂನ್ ಹದಿನೇಳು, ಸೋಮವಾರ. ಇದೇ ಬೆಂಚಲ್ಲಿ ಕೂತಿದ್ದೆ."

ನಾಯ್ಕರ್ ಬೀರುವಿನಿಂದ ಠಾಣಾ ದಿನಚರಿ ತೆಗೆದ. ಪುಟ ಸಿಕ್ಕಿತು. 'ವಿದ್ಯಾರ್ಥಿನಿ, ಹಲ್ಲೆ. ತಂಬುವಾ ಸ್ವೀಕೃತ. ರಾಜಿಯಾಗಿದೆ. ಕ್ರಮವಿಲ್ಲ.' ಕೆಳಗೆ ಆ ದಿನದ ಪುಟ ಪರಿಶೀಲಿಸಿದವರ ಸಹಿ. ನಾಯ್ಕರ್ ಓದಿ, ಪುಸ್ತಕವನ್ನು ಇನ್ಸ್‌ಪೆಕ್ಟರ್ ಕಡೆಗೆ ತಿರುಗಿಸಿಟ್ಟ. ಸಹಿ ವಿಲಿಸೋನಿಯದೇ. ಓದಿದ್ದು, ಸಹಿ ಹಾಕಿದ್ದು, ಯಾವುದೂ ಅವನಿಗೆ ನೆನಪಿರಲಿಲ್ಲ. ಅಂಥ ಸಾಲುಗಳು ಆ ಪುಸ್ತಕದಲ್ಲಿ ಎಷ್ಟೋ ಇದ್ದವು.

2.45ಕ್ಕೆ ರೆವರೆಂಡ್ ಜೋಸಾತೆಕಿ ಬಂದರು. ಈ ಸಲ ಕೈಚೀಲ ಕುಕ್ಕಲಿಲ್ಲ.

"ಹಲ್ಲು ಸಿಕ್ತಲ್ಲ ಇನ್ಸ್‌ಪೆಕ್ಟರೇ, ದೂರು ವಾಪಸ್ ತಗೋತೀನಿ. ಶುಕ್ರವಾರ ಪದವಿಪ್ರದಾನ. ಮಗಳೇ ವಸೀತಿ, ಪೆಟ್ಟಿಗೆಗೆ ಅದನ್ನ ವಾಪಸ್ ಇಟ್ಟುಬಿಡೋಣ. ನೀನೂ ನಿಲುವಂಗಿ ಹಾಕ್ಕೊಂಡು ವೇದಿಕೆ ಹತ್ತು. ಕಳ್ಳತನದ ಕೇಸಾದ್ರೆ ಆಡಳಿತ ಮಂಡಳಿ ಪದವಿ ಕೊಡಲ್ಲಮ್ಮ, ನನ್ನ ಕೈಲೂ ಏನೂ ಆಗಲ್ಲ."

"ವಾಪಸ್ ತಗೋಬೇಡಿ ಫಾದರ್."

"ಹುಚ್ಚಾ ನಿನಗೆ? ಎರಡು ವರ್ಷ ಓದಿದೀಯ!"

"ಎರಡು ವರ್ಷ ನೀವೇ ಪಾಠ ಮಾಡಿದ್ರಿ, ನೊಂದವರ ಪರವಾಗಿ ಅವರನ್ನ ಕೇಳದೆ ತೀರ್ಮಾನ ಮಾಡಬಾರದು ಅಂತ. ಆವತ್ತು ನಾನು ಆಸ್ಪತ್ರೇಲಿದ್ದೆ. ನೀವು ಬಂದು ಕೇಳಬಹುದಿತ್ತು." ಅವಳ ದನಿ ಏರಲಿಲ್ಲ. "ಕೋರ್ಟಲ್ಲಿ ಯಾಕೆ ತಗೊಂಡೆ ಅಂತ ಕೇಳ್ತಾರೆ. ಆಗ ಹೇಳ್ತೀನಿ."

ರೆವರೆಂಡರು ಕನ್ನಡಕ ತೆಗೆದರು, ಒರೆಸಲಿಲ್ಲ. "ಊರೂರೇ ಜಗಳಕ್ಕೆ ನಿಲ್ಲಬಾರದು ಅಂತ ಮಾಡಿದೆನಮ್ಮ. ದೇವರಾಣೆ."

"ಗೊತ್ತು ಫಾದರ್."

ವಿಲಿಸೋನಿ ಹೊಸ ನಮೂನೆ ಎಳೆದುಕೊಂಡ. "ಅಷ್ಟು ದಿನ ಕಾಯೋದು ಬೇಡ. ದೂರುದಾರಳ ಹೆಸರು ವಸೀತಿ ರಾಲುಲು. ಆರೋಪಿ ತೋಮಾಸಿ. ಜೂನ್ ಹದಿನಾಲ್ಕು. ಹೇಳಮ್ಮ, ಎಷ್ಟು ಗಂಟೆಗೆ ಹೊಡೆದ?"

"ಕಳ್ಳತನದ್ದು?"

"ಅದೂ ಇರುತ್ತೆ. ಅದನ್ನ ಮುಚ್ಚೋದಕ್ಕೆ ನನಗೆ ಅಧಿಕಾರ ಇಲ್ಲ. ಇದನ್ನ ಮುಚ್ಚೋದಕ್ಕೂ ಇರ್ಲಿಲ್ಲ."

"ಹತ್ತೂವರೆಗೆ ಸರ್," ಅಂದಳು ವಸೀತಿ. "ಅವನ ಹೆಂಡತಿ ನನಗೆ ಚಹಾ ಸೋಸ್ತಾ ಇದ್ದಳು."

ಹೇಳಿಕೆ ನಾಲ್ಕು ಪುಟವಾಯಿತು. ಎರಡೂ ಪ್ರಕರಣಗಳಿಗೆ ಸಂಖ್ಯೆ ಬಿತ್ತು. ನಾಯ್ಕರ್ ತಂಬುವಾವನ್ನು ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಇಟ್ಟ, ಸಾಕ್ಷ್ಯದ ಚೀಟಿಯೊಂದನ್ನು ಅದರ ಹುರಿಗೆ ಕಟ್ಟಿದ. ಆಮೇಲೆ ಹಲ್ಲೆ ಪ್ರಕರಣದ ಸಂಖ್ಯೆ ಹಾಕಿ ಇನ್ನೊಂದು ಚೀಟಿ ಬರೆದು, ಅದೇ ಹುರಿಗೆ ಅದನ್ನೂ ಕಟ್ಟಿದ.