ಕೈಗಡದ ಗುಳಿಗೆ

ಸೂಜಿ ಚುಚ್ಚಿ ಆರು ತಾಸಾಗುವಷ್ಟರಲ್ಲಿ ಫಕೀರವ್ವನ ಮೈಯೊಳಗೆ ವರ್ಷಗಟ್ಟಲೆ ಮಲಗಿದ್ದ ವೈರಸ್ಸು ಎದ್ದು ಕೂತಿತು. ಫಕೀರವ್ವನಿಗೆ ಮಾತ್ರ ಹಸಿವಾಗಿತ್ತು. ಬಾಗಲಕೋಟೆಯ ಆ ಸಂಶೋಧನಾ ಆಸ್ಪತ್ರೆಯಲ್ಲಿ ಮಂಚದಿಂದ ಕಾಲು ಇಳಿಬಿಟ್ಟು, ನರ್ಸು ತಂದಿಟ್ಟ ಇಡ್ಲಿಯನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದಳು.

"ಎದ್ವು ನೋಡ್ರಿ ಅಕ್ಕಾರ," ಎಂದರು ಪರದೆಯ ಮುಂದಿದ್ದ ಡಾಕ್ಟರ್ ನಿಖತ್ ಬಾಗವಾನ. ಪರದೆಯ ಮೇಲೆ ಕೆಂಪು ಗೆರೆಯೊಂದು ಏರುತ್ತಿತ್ತು.

"ಎದ್ದಾವಂದ್ರ ಚಾ ಕೇಳ್ತಾವೇನ್ರಿ ಬಾಯಾರ?"

"ಕೇಳೂದ್ರಾಗ ಎರಡನೇ ಸೂಜಿ ಹಾಕ್ತೀನಿ."

ಅದು ೨೦೫೭ನೇ ಇಸವಿ. ಎಚ್‌ಐವಿ ವೈರಸ್ಸನ್ನು ಗುಳಿಗೆಯಿಂದ ಅಡಗಿಸಿಡುವುದು ಹಳೆಯ ಮಾತಾಗಿತ್ತು, ಆದರೆ ಹೊರಗೆ ಹಾಕುವುದು ಯಾರಿಗೂ ಆಗಿರಲಿಲ್ಲ. ವೈರಸ್ಸಿನ ಒಂದು ಪಾಲು ಬಿಳಿ ರಕ್ತಕಣಗಳೊಳಗೆ ಹೊಕ್ಕು ಮಲಗಿಬಿಡುತ್ತಿತ್ತು. ಮಲಗಿದ್ದನ್ನು ಗುಳಿಗೆ ಮುಟ್ಟದು. ಗುಳಿಗೆ ನಿಲ್ಲಿಸಿದರೆ ಮೂರ್ನಾಲ್ಕು ವಾರದಲ್ಲಿ ಅದು ಎದ್ದು ಮತ್ತೆ ಸಂಸಾರ ಹೂಡುತ್ತಿತ್ತು. ನಿಖತ್ ಅವರ ಮೊದಲ ಸೂಜಿ ಆ ಕಣಗಳೊಳಗೆ ಹೋಗಿ ಮಲಗಿದ್ದನ್ನು ಎಬ್ಬಿಸುತ್ತದೆ. ಎರಡನೆಯದು, ಎದ್ದ ವೈರಸ್ಸನ್ನು ಹುಡುಕಿ ಹೊಡೆಯುವ ಪ್ರತಿಕಾಯಗಳನ್ನು ಮೈಯಿಂದಲೇ ಮಾಡಿಸುತ್ತದೆ. ಎರಡರಲ್ಲೂ ಇರುವುದು ಎಂಆರ್‌ಎನ್‌ಎ, ಕಣ್ಣಿಗೆ ಕಾಣದ ಕೊಬ್ಬಿನ ಹನಿಯಲ್ಲಿ ಸುತ್ತಿಟ್ಟದ್ದು.

"ಅದೇನ್ರಿ ಅದು?" ಎಂದು ಫಕೀರವ್ವ ಮೊದಲ ದಿನವೇ ಕೇಳಿದ್ದಳು.

"ನಿಮ್ಮ ರೊಟ್ಟಿ ಕೇಂದ್ರಕ್ಕ ಮದುವಿ ಮನಿಯಿಂದ ಚೀಟಿ ಬರತೈತಲ್ಲ, ಐನೂರು ರೊಟ್ಟಿ, ಇಂಥಾ ದಿನ ಅಂತ? ಇದೂ ಅಂಥಾದ್ದೊಂದು ಚೀಟಿ. ನಾವು ಬರೀ ಚೀಟಿ ಕೊಡ್ತೀವಿ. ರೊಟ್ಟಿ ಬಡಿಯೂದು ನಿಮ್ಮ ಮೈನ."

"ಕೆಲಸಾದ ಮ್ಯಾಲ ಚೀಟಿ ನಾ ಒಲಿಗೆ ಒಗಿತೀನಿ."

"ಮೈನೂ ಹಂಗ ಮಾಡತೈತಿ."

ಫಕೀರವ್ವನಿಗೆ ಇಷ್ಟು ಸಾಕಾಗಿತ್ತು. ಹುಟ್ಟುತ್ತಲೇ ತಾಯಿಯಿಂದ ವೈರಸ್ಸು ಪಡೆದು, ಆರನೇ ವಯಸ್ಸಿನಿಂದ ಗುಳಿಗೆ ನುಂಗುತ್ತ ಬಂದವಳಿಗೆ ಈಗ ನಲವತ್ತಾರು. ನವನಗರದಲ್ಲಿ ಅವಳ ರೊಟ್ಟಿಗೆ ಸಾಲು ನಿಲ್ಲುತ್ತಿತ್ತು. ಸಾಲಿನಲ್ಲಿ ನಿಂತ ಯಾರಿಗೂ ಅವಳ ಗುಳಿಗೆಯ ಸಂಗತಿ ಗೊತ್ತಿರಲಿಲ್ಲ.

ಪ್ರಯೋಗಕ್ಕೆ ಸೇರಿದವರು ಹನ್ನೆರಡು ಮಂದಿ. ನಿಯಮ ಒಂದೇ. ಎರಡೂ ಸೂಜಿಗಳಾದ ಮೇಲೆ ಗುಳಿಗೆ ಪೂರ್ತಿ ಬಂದ್, ವಾರಕ್ಕೊಮ್ಮೆ ರಕ್ತ ಪರೀಕ್ಷೆ. ವೈರಸ್ಸು ಮರಳಿ ಕಂಡರೆ ಅದೇ ದಿನ ಗುಳಿಗೆ ಶುರು. ಕಾಣದಿದ್ದರೆ, ಹೋಯಿತು ಎಂದರ್ಥ.

ಹನ್ನೆರಡು ವಾರ ಕಳೆದವು. ಹನ್ನೆರಡೂ ಮಂದಿಯ ರಕ್ತದಲ್ಲಿ ಸೊನ್ನೆ.

ನಿಖತ್ ಬಾಯಿ ಆಸ್ಪತ್ರೆಗೆಲ್ಲ ಗುಳೇದಗುಡ್ಡದಿಂದ ಪೇಡೆ ತರಿಸಿ ಹಂಚಿದರು. ಆ ಸಂಜೆ ಕಾಶವ್ವ ರೊಟ್ಟಿ ಕೇಂದ್ರಕ್ಕೆ ಬಂದು, ಹಿಟ್ಟಿನ ಚೀಲದ ಮೇಲೆ ಕೂತಳು. ಅರವತ್ತೆರಡರ ಕಾಶವ್ವ ಗುಳಿಗೆ ನುಂಗುವವರ ಸಂಘದ ಹಿರಿಯಳು. ಫಕೀರವ್ವನಿಗೆ ತಾಯಿ ಹೋದ ಮೇಲೆ ತಾಯಿ.

"ಮುಂದಿನ ತಿಂಗಳು ನಾಲ್ಕನೂರು ಮಂದಿಗೆ ಸೂಜಿಯಂತ. ನನ್ನ ಹೆಸರೂ ಬಂದೈತಿ," ಎಂದಳು.

"ಗುಳಿಗಿ ಬಿಡ್ತೀಯೇನವ್ವ?"

"ಬಿಡದ ಏನ್ ಮಾಡಲಿ? ಹನ್ನೆರಡಕ್ಕ ಹನ್ನೆರಡೂ ಸೊನ್ನಿ ಬಂದಾವಲ್ಲ."

ಫಕೀರವ್ವನ ಕೈಯಲ್ಲಿದ್ದ ರೊಟ್ಟಿ, ಬಡಿಯುವ ಮರದ ಕೊಣಮಿಗೆಯಲ್ಲೇ ನಡುವೆ ಹರಿಯಿತು. ಮೂವತ್ತು ವರ್ಷದಲ್ಲಿ ಅವಳ ರೊಟ್ಟಿ ಹರಿದದ್ದನ್ನು ಕಾಶವ್ವ ನೋಡಿರಲಿಲ್ಲ.

"ಅವ್ವಾ, ನೀನ ಕೊಟ್ಟ ಗುಳಿಗಿ ನಾ ದಿನಾ ನುಂಗೇನಿ. ಅದಕ್ಕ ಸೊನ್ನಿ ಬಂದೈತೋ, ಸೂಜಿಗೆ ಬಂದೈತೋ, ಯಾರಿಗೆ ಗೊತ್ತು?"

ಸಂಘದಲ್ಲೊಂದು ಪದ್ಧತಿಯಿತ್ತು. ಎಷ್ಟೋ ವರ್ಷಗಳ ಹಿಂದೆ ಒಮ್ಮೆ ಸರಬರಾಜು ತಪ್ಪಿದಾಗ ಒಬ್ಬರು ಇನ್ನೊಬ್ಬರಿಗೆ ಗುಳಿಗೆ ಕೈಗಡ ಕೊಟ್ಟು ಜೀವ ಉಳಿಸಿಕೊಂಡಿದ್ದರು. ಅಂದಿನಿಂದ ತಿಂಗಳಿಗೆ ಹೆಚ್ಚುವರಿಯಾಗಿ ಸಿಗುವ ಎರಡು ಗುಳಿಗೆಗಳನ್ನು ನಲವತ್ತೂ ಮಂದಿ ಕಾಶವ್ವನ ಬಿಸ್ಕೀಟಿನ ಡಬ್ಬಿಗೆ ಹಾಕುತ್ತಿದ್ದರು. ಯಾರ ಗುಳಿಗೆ ನಿಂತರೂ ಡಬ್ಬಿ ಅವರ ಮನೆಗೆ ಹೋಗುತ್ತಿತ್ತು. ಡಾಕ್ಟರು ನಿಲ್ಲಿಸಿದರೂ ನಿಂತದ್ದು ನಿಂತದ್ದೇ ಎಂದು ಕಾಶವ್ವ ತಿಳಿದಿದ್ದಳು. "ಸೂಜಿ ತನ್ನ ಕೆಲಸ ಮಾಡ್ಲಿ, ಇದೂ ಒಂದು ಹೊಟ್ಟ್ಯಾಗ ಇರ್ಲಿ" ಎಂದು ಕೊಟ್ಟಿದ್ದಳು. ಪ್ರೀತಿಯಿಂದ ಕೊಟ್ಟದ್ದನ್ನು ಫಕೀರವ್ವ ಒಲ್ಲೆನೆಂದಿರಲಿಲ್ಲ.

"ಬಾಯಾರಿಗೆ ಹೇಳಿದ್ರ ಹತ್ತು ವರ್ಷದ ಕೆಲಸ ಮಣ್ಣಾಗತೈತಿ," ಎಂದಳು ಕಾಶವ್ವ.

"ಹೇಳದಿದ್ರ ನೀ ಮಣ್ಣಾಗ್ತಿ."

ಮರುದಿನ ಬೆಳಿಗ್ಗೆ ಇಬ್ಬರೂ ನಿಖತ್ ಅವರ ಮುಂದೆ ನಿಂತರು. ಫಕೀರವ್ವ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎಷ್ಟು ದಿನ ನುಂಗೀರಿ?"

"ಎಂಬತ್ನಾಲ್ಕು. ಒಂದೂ ತಪ್ಪಿಸಿಲ್ರಿ."

"ತಪ್ಪು ಮಾಡೂದನ್ನೂ ಒಂದಿನ ತಪ್ಪಿಸಿಲ್ಲ," ಎಂದರು ಡಾಕ್ಟರು. ಸಿಟ್ಟಾಗಬೇಕೆಂದು ಹೊರಟ ಮುಖ ಅರ್ಧ ದಾರಿಯಲ್ಲಿ ನಗುವಾಯಿತು. ಆಮೇಲೆ ಕಾಶವ್ವನ ಕಡೆ ತಿರುಗಿ, "ಇವರೊಬ್ಬರಿಗೇನ?" ಎಂದರು.

ಕಾಶವ್ವ ಸೆರಗಿನ ತುದಿ ನೋಡಿದಳು. "ಏಳು ಮಂದಿಗೆ ಕೊಟ್ಟೀನ್ರಿ. ಉಳಿದ ಐದು ಮಂದಿ ಬ್ಯಾರೆ ಊರಾವ್ರು, ಡಬ್ಬಿ ಮುಟ್ಟಿಸಾಕ ಆಗಲಿಲ್ಲ."

ನಿಖತ್ ತಟ್ಟನೆ ಎದ್ದು ನಿಂತರು. ಕೂಡಿಟ್ಟ ರಕ್ತದ ಮಾದರಿಗಳಲ್ಲಿ ಗುಳಿಗೆಯ ಅಂಶವಿದೆಯೇ ಎಂದು ಅಂದೇ ನೋಡಿಸಿದರು. ಏಳರಲ್ಲಿ ಇತ್ತು, ಐದರಲ್ಲಿ ಇರಲಿಲ್ಲ. ಆ ಐವರು ಗುಳಿಗೆಯಿಲ್ಲದೆ ಹನ್ನೆರಡು ವಾರ ಸೊನ್ನೆಯಲ್ಲಿ ಉಳಿದಿದ್ದರು. ಸೂಜಿ ನಿಜವಾಗಿಯೂ ಕೆಲಸ ಮಾಡಿತ್ತು. ಆದರೆ ಐದು ಸಣ್ಣ ಸಂಖ್ಯೆ. ನಾಲ್ಕನೂರು ಮಂದಿಯ ಸೂಜಿ ಸದ್ಯಕ್ಕೆ ಮುಂದಕ್ಕೆ ಬಿತ್ತು, ಏಳು ಮಂದಿಯ ಲೆಕ್ಕ ಮೊದಲಿಂದ ಶುರುವಾಯಿತು. ಈ ಸಲ ಡಬ್ಬಿ ಡಾಕ್ಟರ ಕಪಾಟಿನಲ್ಲಿತ್ತು. ಪ್ರಯೋಗದ ನಿಯಮಪುಸ್ತಕದಲ್ಲಿ ಹೊಸದೊಂದು ಪ್ರಶ್ನೆ ಸೇರಿತು: ನಿಮಗೆ ಗುಳಿಗೆ ಕೊಡುವಷ್ಟು ಪ್ರೀತಿಯವರು ಯಾರು? ಅವರನ್ನೂ ಕರೆದುಕೊಂಡು ಬನ್ನಿ.

ಮೂರನೇ ವಾರ ಆ ಏಳು ಮಂದಿಯಲ್ಲೊಬ್ಬರಾದ ನಿವೃತ್ತ ಶಿಕ್ಷಕ ಸಂಗನಬಸು ಮಾಸ್ತರರಿಗೆ ವೈರಸ್ಸು ಮರಳಿತು. ಗುಳಿಗೆ ಕೈಗೆತ್ತಿಕೊಂಡು ಮಾಸ್ತರರೇ ಎಲ್ಲರಿಗೂ ಸಮಾಧಾನ ಹೇಳಿದರು: "ಸೂಜಿದು ತಪ್ಪಿಲ್ಲ. ಮೂವತ್ತು ವರ್ಷ ನನ್ನ ಕ್ಲಾಸಿನಾಗ ಮಲಗಿದ್ದು, ಅಷ್ಟ ಲಗೂ ಏಳತೈತೇನು?" ಅವರಿಗೆ ಇನ್ನೊಂದು ಸುತ್ತು ಸೂಜಿ ನಿಗದಿಯಾಯಿತು.

ಫಕೀರವ್ವ ವಾರ ವಾರವೂ ರಕ್ತ ಕೊಟ್ಟಳು. ಗುಳಿಗೆಯಿಲ್ಲದ ಬೆಳಗುಗಳಲ್ಲಿ ನಾಲಿಗೆ ಏನನ್ನೋ ಮರೆತಂತೆ ತಡಕಾಡುತ್ತಿತ್ತು. ಹದಿನಾರನೇ ವಾರ ನಿಖತ್ ಬಾಯಿ ತಾವೇ ರೊಟ್ಟಿ ಕೇಂದ್ರಕ್ಕೆ ಬಂದು ಕಾಗದವೊಂದನ್ನು ಕೊಟ್ಟರು. ವೈರಸ್ಸು ಇಲ್ಲ ಎಂದು ಮುದ್ರೆ ಒತ್ತಿದ ಪ್ರಮಾಣಪತ್ರ.

ಫಕೀರವ್ವ ಅದನ್ನು ಎರಡು ದಿನ ಪೆಟ್ಟಿಗೆಯಲ್ಲಿಟ್ಟಳು. ವಾಸಿಯಾಯಿತೆಂದು ತೋರಿಸಬೇಕಾದರೆ ಇತ್ತೆಂದು ಮೊದಲು ಹೇಳಬೇಕು. ಮೂರನೇ ದಿನ ಗಾಜು ಹಾಕಿಸಿ ಒಲೆಯ ಹಿಂದಿನ ಗೋಡೆಗೆ ತೂಗುಹಾಕಿದಳು.

ಸಾಲಿನಲ್ಲಿ ಮೊದಲು ನಿಂತಿದ್ದವನು ಸೈಕಲ್ ರಿಪೇರಿಯ ಯಮನೂರಪ್ಪ. ತುಟಿ ಆಡಿಸುತ್ತ ಪೂರ್ತಿ ಓದಿದ.

"ಅಂದ್ರ ಮೊದಲ ಇತ್ತೇನಬೇ?"

"ಇತ್ತು. ನೀ ಹನ್ನೊಂದು ವರ್ಷ ನನ್ನ ಕೈರೊಟ್ಟಿ ತಿಂದಿಯಲ್ಲ, ಅಷ್ಟೂ ವರ್ಷ ಇತ್ತು."

ಯಮನೂರಪ್ಪ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿಕೊಂಡ. ಹನ್ನೊಂದು ವರ್ಷದಲ್ಲಿ ಅದು ಒಂದಿಷ್ಟು ದೊಡ್ಡದಾಗಿತ್ತು, ಅಷ್ಟೇ. ರೊಟ್ಟಿಯಿಂದ, ಕೈಯಿಂದ, ಒಟ್ಟಿಗೆ ಕೂತು ಉಣ್ಣುವುದರಿಂದ ಅಂಟುವ ರೋಗ ಅದು ಎಂದೂ ಆಗಿರಲಿಲ್ಲ. ಅದನ್ನು ತಿಳಿಯಲು ೨೦೫೭ರವರೆಗೆ ಕಾಯಬೇಕಾಗಿಯೂ ಇರಲಿಲ್ಲ, ಹೊಸ ಸೂಜಿಯೂ ಬೇಕಿರಲಿಲ್ಲ.

"ಗೊತ್ತಿದ್ರ ಬರ್ತಿದ್ದಿಲ್ಲ ನಾನು," ಎಂದ ಯಮನೂರಪ್ಪ ಮೆಲ್ಲಗೆ. "ಸುಮ್ಮನ ಹನ್ನೊಂದು ವರ್ಷ ಉಪವಾಸ ಬೀಳ್ತಿದ್ದೆ."

ಫಕೀರವ್ವ ಹಿಟ್ಟಿನ ಕೈ ಒರೆಸಿಕೊಂಡು ಕೇಳಿದಳು, "ಇವತ್ತ ಎಷ್ಟು ಕಟ್ಟಲಿ?"